ಪ್ರೈಮರಿ ಮಕ್ಕಳಿಗೆ ಮನೆಯಲ್ಲೇ ಶಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ನಲಿ-ಕಲಿ ಅಂದ್ರೆ ಚಿಕ್ಕ ಕ್ಲಾಸಿನ ಮಕ್ಕಳಿಗೆ ಆಟ, ಚಟುವಟಿಕೆಯಲ್ಲೇ ಕಲಿಸುವ ಪದ್ಧತಿ. ಜುಲೈ ಬಂತು ಅಂದ್ರೆ ನನ್ನ ಫೋನಿಗೆ ಎರಡೇ ಥರದ ಮೆಸೇಜು. ಒಂದು, "ನಾಳೆ ರಜೆ ಇದ್ಯಾ ಮೇಡಂ?" ಇನ್ನೊಂದು, "ರಜೆ ಕೊಟ್ರಲ್ಲ, ಈಗ ಮಗೂನ ಏನ್ ಮಾಡ್ಲಿ?" ಮೊದಲನೆಯದಕ್ಕೆ ಉತ್ತರ ನನ್ನ ಕೈಲಿಲ್ಲ. ಎರಡನೆಯದಕ್ಕೆ ಇದೆ. ಕೊರೋನಾ ಕಾಲದಲ್ಲಿ ಶಾಲೆಯ ಮಕ್ಕಳಿಗೂ, ಮನೆಯಲ್ಲಿ ಎರಡನೇ ಕ್ಲಾಸಿನಲ್ಲಿದ್ದ ನನ್ನ ಮಗಳಿಗೂ ಒಟ್ಟಿಗೆ ಪಾಠ ಮಾಡಿ ಕಲಿತದ್ದು ಅದು. ಅಪ್ಪ ಅಮ್ಮಂದಿರು ಫೋನಲ್ಲಿ, ಸಭೆಯಲ್ಲಿ, ಬಸ್ಸಲ್ಲಿ ಸಿಕ್ಕಾಗ ಕೇಳಿದ್ದನ್ನೆಲ್ಲ ಅವರ ಮಾತಲ್ಲೇ ಇಲ್ಲಿ ಹಾಕಿದ್ದೇನೆ.

## ಮೊದಲ ದಿನದ ಪ್ರಶ್ನೆಗಳು

ಕೊರೋನಾ ಮುಗೀತಲ್ಲ ಮೇಡಂ, ಇನ್ನೂ ಯಾಕೆ ಮನೇಲಿ ಪಾಠ?

ಕೊರೋನಾ ಮುಗಿಯಿತು, ಮಳೆ ಮುಗಿದಿಲ್ಲ ಅಲ್ವಾ. ನಮ್ಮ ಕಡೆ ಹಳ್ಳ ತುಂಬಿ ಕಾಲುಸಂಕದ ಮೇಲೆ ನೀರು ಹರಿದರೆ ಮಕ್ಕಳನ್ನು ದಾಟಿಸುವ ಹಾಗಿಲ್ಲ. ಮೂರು ದಿನದ ರಜೆ ಎಳೆದು ವಾರ ಆದದ್ದೂ ಉಂಟು. ಮಗುವಿಗೆ ಚಿಕನ್‌ಪಾಕ್ಸ್ ಬಂದರೆ, ಮಂಗನಬಾವು ಬಂದರೆ, ಕೈ ಮುರಿದುಕೊಂಡರೆ ಹತ್ತು ಹದಿನೈದು ದಿನ ಮನೆಯಲ್ಲೇ. ಪೇಟೆಯ ಪ್ರೈವೇಟ್ ಶಾಲೆಗಳು ಈಗ ಸಣ್ಣ ಕಾರಣಕ್ಕೂ "ನಾಳೆ ಆನ್‌ಲೈನ್" ಅಂತ ರಾತ್ರಿ ಒಂಬತ್ತಕ್ಕೆ ಮೆಸೇಜ್ ಹಾಕುತ್ತವೆ. ಹಾಗಾಗಿ ಈ ವಿದ್ಯೆ ಗೊತ್ತಿರಲಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಜ್ವರ ಇರುವ ಮಗುವಿಗೆ ಪಾಠ ಬೇಡ. ಜ್ವರ ಬಿಟ್ಟು, ಬೇಜಾರಾಗಿ ಬೆಕ್ಕಿನ ಬಾಲ ಎಳೆಯೋಕೆ ಶುರು ಮಾಡಿದ ದಿನದಿಂದ ಪಾಠ.

ಒಂದನೇ ಕ್ಲಾಸಿನ ಮಗು ಎಷ್ಟು ಹೊತ್ತು ಫೋನ್ ಮುಂದೆ ಕೂರಬಹುದು?

ಈ ಬಗ್ಗೆ ದೊಡ್ಡ ಜಗಳವೇ ಆಗಿತ್ತು, ನೆನಪಿದೆಯಾ? 2020ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠವೇ ಬೇಡ ಅಂದಿತು. ಜುಲೈ 8ಕ್ಕೆ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಕೇಂದ್ರದಿಂದ "ಪ್ರಜ್ಞಾತಾ" ಅನ್ನುವ ಮಾರ್ಗಸೂಚಿ ಬಂತು. ಅದರ ಪ್ರಕಾರ ಒಂದರಿಂದ ಎಂಟನೇ ಕ್ಲಾಸಿನವರಿಗೆ ದಿನಕ್ಕೆ ಹೆಚ್ಚೆಂದರೆ ಎರಡು ಪಾಠ, ಒಂದೊಂದು 30ರಿಂದ 45 ನಿಮಿಷ. ಅಂಗನವಾಡಿ ವಯಸ್ಸಿನವರಿಗೆ ದಿನಕ್ಕೆ 30 ನಿಮಿಷ ದಾಟಬಾರದು, ಅದೂ ಟೀಚರ್ ಅಪ್ಪ ಅಮ್ಮನ ಜೊತೆ ಮಾತಾಡಲಿಕ್ಕೆ.

ನನ್ನನ್ನು ಕೇಳಿದರೆ ಒಂದನೇ ಕ್ಲಾಸಿನವರಿಗೆ 45 ನಿಮಿಷವೂ ಜಾಸ್ತಿಯೇ. ಇಪ್ಪತ್ತು ನಿಮಿಷ ಆದ ಮೇಲೆ ಅವರು ಪಾಠ ನೋಡುತ್ತಿರುವುದಿಲ್ಲ, ಪರದೆಯ ಮೂಲೆಯಲ್ಲಿ ಕಾಣುವ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಿರುತ್ತಾರೆ. ಆರು ಗಂಟೆಯ ಶಾಲೆಯನ್ನು ಹಾಗೇ ಎತ್ತಿ ಫೋನಿಗೆ ಹಾಕಿದರೆ ಅದು ಶಾಲೆ ಆಗುವುದಿಲ್ಲ, ಟಿವಿ ಆಗುತ್ತದೆ.

ಬೆಳಿಗ್ಗೆಯಿಂದ ಸಂಜೆವರೆಗೆ ಹೇಗಿರಬೇಕು, ಒಂದು ಟೈಂ ಟೇಬಲ್ ಕೊಟ್ಟುಬಿಡಿ

ಟೈಂ ಟೇಬಲ್ ಕೊಟ್ಟರೆ ಗೋಡೆಗೆ ಅಂಟಿಸಿ ಮೂರನೇ ದಿನ ಮರೆತುಬಿಡ್ತೀರಿ. ಅದರ ಬದಲು ನಮ್ಮ ಮನೆಯ ಒಂದು ದಿನ ಹೇಳ್ತೀನಿ, ನಿಮಗೆ ಹೊಂದುವಷ್ಟು ತಗೊಳ್ಳಿ.

ಏಳಕ್ಕೆ ಎದ್ದು, ಎಂಟೂವರೆಯೊಳಗೆ ಸ್ನಾನ ತಿಂಡಿ ಮುಗಿಯಬೇಕು. ಇದೊಂದರಲ್ಲಿ ಮಾತ್ರ ನಾನು ಕಟ್ಟುನಿಟ್ಟು. ರಾತ್ರಿ ಬಟ್ಟೆಯಲ್ಲೇ ಹಾಸಿಗೆ ಮೇಲೆ ಕೂತು ಶುರುವಾದ ದಿನ ಆಮೇಲೆ ಹಳಿಗೆ ಬರುವುದೇ ಇಲ್ಲ. ಒಂಬತ್ತಕ್ಕೆ ಮೊದಲ ಕೆಲಸ, ಹವಾಮಾನ ನಕ್ಷೆ. ನಲಿ-ಕಲಿ ಕ್ಲಾಸಿನಲ್ಲಿ ಮಕ್ಕಳು ದಿನಾ ತುಂಬುವ ಚಾರ್ಟ್ ಅದು. ಮನೆಯಲ್ಲಿ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದರೆ ಸಾಕು. ಜಗಲಿಗೆ ಹೋಗಿ ಆಕಾಶ ನೋಡಿ, ಮೋಡವಾ ಬಿಸಿಲಾ ಮಳೆಯಾ ಅಂತ ಚಿತ್ರ ಬರೆಯುವುದು. ಜುಲೈ ತಿಂಗಳಿಡೀ ನನ್ನ ಮಗಳು ಮಳೆಯನ್ನೇ ಬರೆದಳು. ಒಂದು ದಿನ ಬೇಜಾರಾಗಿ ಕೊಡೆ ಹಿಡಿದ ಸೂರ್ಯನನ್ನು ಬರೆದಿದ್ದಳು.

ಆಮೇಲೆ ಓದು, ಅರ್ಧ ಗಂಟೆ. ಕಷ್ಟದ ಕೆಲಸ ಬೆಳಿಗ್ಗೆಯೇ ಆಗಲಿ. ಹತ್ತಕ್ಕೆ ಒಂದು ಲೋಟ ಹಾಲು, ಹತ್ತು ನಿಮಿಷ ಓಡಾಟ. ಶಾಲೆಯಿಂದ ಆನ್‌ಲೈನ್ ಪಾಠ ಇದ್ದರೆ ಸಾಮಾನ್ಯವಾಗಿ ಈ ಹೊತ್ತಿಗೆ ಇರುತ್ತದೆ, ಇಲ್ಲದಿದ್ದರೆ ಲೆಕ್ಕ. ಹನ್ನೊಂದೂವರೆ ನಂತರ ಪುಸ್ತಕ ಮುಚ್ಚಿ. ಮಣ್ಣು, ಕಾಗದ, ಕತ್ತರಿ, ಬಣ್ಣ, ಅಡುಗೆ ಮನೆ, ಏನಾದರೂ ಸರಿ. ಊಟ ಒಂದು ಗಂಟೆಗೆ. ಊಟ ಆದ ಮೇಲೆ ಮಲಗುವ ಮಗುವನ್ನು ಮಲಗಲು ಬಿಡಿ. ಮಧ್ಯಾಹ್ನ ಮೂರಕ್ಕೆ ಇಪ್ಪತ್ತು ನಿಮಿಷ ಬರೆಯುವ ಕೆಲಸ. ಆಮೇಲೆ ಆಟ. ರಾತ್ರಿ ಮಲಗುವ ಮೊದಲು ಕತೆ.

ಕೂಡಿ ನೋಡಿ, ಪಾಠ ಅನ್ನುವುದು ಎರಡು ಗಂಟೆ ಚಿಲ್ಲರೆ. ಅಷ್ಟೇನಾ ಅಂತ ತುಂಬ ಜನ ಕೇಳ್ತಾರೆ. ಹೌದು, ಅಷ್ಟೇ. ಶಾಲೆಯಲ್ಲಿ ಹಾಜರಿ, ಸಾಲು, ಬಿಸಿಯೂಟ, ಗಲಾಟೆ, "ಮಿಸ್, ಇವನು ನನ್ನ ಪೆನ್ಸಿಲ್ ಕಿತ್ಕೊಂಡ" ಎಲ್ಲ ಕಳೆದರೆ ಒಂದು ಮಗುವಿಗೆ ಟೀಚರ್ ನೇರವಾಗಿ ಸಿಗುವ ಸಮಯ ಇದಕ್ಕಿಂತ ಬಹಳ ಕಡಿಮೆ. ಮನೆಯಲ್ಲಿ ಒಬ್ಬರೇ ಪಕ್ಕದಲ್ಲಿ ಕೂತು ಮಾಡಿಸುವ ಎರಡು ಗಂಟೆ ತುಂಬಾ ದೊಡ್ಡದು.

ಯೂನಿಫಾರ್ಮ್ ಹಾಕಿಸಬೇಕಾ?

ಶಾಲೆ ಕೇಳಿದರೆ ಹಾಕಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗೋದೇ ಇಲ್ಲ, ಸುಮ್ನೆ ಯಾಕೆ.

ನಮ್ಮದು ಒಂದೇ ರೂಮಿನ ಮನೆ, ಎಲ್ಲಿ ಕೂರಿಸೋದು?

ಬೇರೆ ಕೋಣೆ, ಮೇಜು ಏನೂ ಬೇಡ. ದಿನಾ ಅದೇ ಜಾಗ ಆಗಿರಬೇಕು, ಅಷ್ಟು ಸಾಕು. ಒಂದು ಚಾಪೆ, ಚಾಪೆ ಮೇಲೆ ಮಣೆ ಅಥವಾ ತಲೆಕೆಳಗಾದ ಡಬ್ಬ. ಬೆಳಕು ಎಡಗಡೆಯಿಂದ ಬರಲಿ, ಮಗು ಎಡಚ ಆದರೆ ಬಲಗಡೆಯಿಂದ. ಟಿವಿಗೆ ಬೆನ್ನು ಮಾಡಿ ಕೂರಿಸಿ. ಚಾಪೆ ಹಾಸಿದರೆ ಶಾಲೆ, ಸುತ್ತಿಟ್ಟರೆ ಮನೆ. ಮಕ್ಕಳಿಗೆ ಇದು ಬೇಗ ಅರ್ಥ ಆಗುತ್ತದೆ. ದೊಡ್ಡವರಿಗೇ ತಡ, ಮಗು ಚಾಪೆ ಮೇಲೆ ಇರುವಾಗಲೇ "ಬಾರೋ, ಸ್ವಲ್ಪ ಹಾಲು ತಗೊಂಡು ಬಾ" ಅಂತ ಕರೆಯುತ್ತಾರೆ.

ಇನ್ನೊಂದು ಸಣ್ಣ ಉಪಾಯ. ಕಿಟಕಿಯಿಂದ ಬಾಗಿಲಿಗೆ ಒಂದು ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಮಗು ಮಾಡಿದ್ದನ್ನು ನೇತುಹಾಕಿ. ನಮ್ಮ ಕ್ಲಾಸಿನಲ್ಲಿ ಇದಕ್ಕೆ ಚಪ್ಪರ ಅಂತೀವಿ. ಬಂದ ನೆಂಟರು ತಲೆಯೆತ್ತಿ ನೋಡಿ "ಇದು ಯಾರು ಬರೆದದ್ದು?" ಅಂದರೆ ಮಾರನೇ ದಿನ ಎರಡು ಹಾಳೆ ಜಾಸ್ತಿ ಬರುತ್ತದೆ.

## ಪಾಠ ಶುರುವಾದ ಮೇಲೆ

ಕ್ಲಾಸ್ ನಡೆಯುವಾಗ ಪಕ್ಕದಲ್ಲಿ ಕೂರಬೇಕಾ? ಕೂತರೆ ಉತ್ತರ ಹೇಳಿಕೊಟ್ಟುಬಿಡ್ತೀನಿ

ಹೇಳಿಕೊಡೋದು ನಮಗೆ ಕೇಳುತ್ತದೆ, ಗೊತ್ತಾ? ಮೈಕು ಬಹಳ ಚುರುಕು. ನಾನು ಒಂದು ಸಲ "ಹಸು ಏನು ತಿನ್ನುತ್ತದೆ?" ಅಂತ ಕೇಳಿದೆ. ಪಿಸುಮಾತಲ್ಲಿ "ಹುಲ್ಲು ಅನ್ನು, ಹುಲ್ಲು ಅನ್ನು" ಅಂತ ಅಮ್ಮನ ದನಿ. ಹುಡುಗ ಜೋರಾಗಿ "ಹುಲ್ಲು ಅನ್ನು" ಅಂದ. ಅವನ ಮನೆ ಕೊಟ್ಟಿಗೆಯಲ್ಲಿ ನಾಲ್ಕು ಹಸು ಇವೆ! ಅವನಿಗೆ ಹಸು ಗೊತ್ತಿಲ್ಲದೇ ಇರುತ್ತಾ? ಅಮ್ಮನ ದನಿ ಕೇಳಿ, ತನಗೆ ಗೊತ್ತಿದ್ದದ್ದನ್ನೂ ಬಿಟ್ಟುಬಿಟ್ಟ.

ಒಂದು ಮತ್ತು ಎರಡನೇ ಕ್ಲಾಸಿನವರ ಹತ್ತಿರ ಕೂರಿ, ಆದರೆ ಕೈಗೆ ಸೊಪ್ಪು ಬಿಡಿಸುವ ಕೆಲಸ ತಗೊಳ್ಳಿ. ಫೋನ್ ಜಾರಿದರೆ ಎತ್ತಿಡುವುದು, ಪುಟ ಸಿಗದಿದ್ದರೆ ತೋರಿಸುವುದು, ಅಷ್ಟೇ ನಿಮ್ಮ ಕೆಲಸ. ಮೂರನೇ ಕ್ಲಾಸಿನ ಮೇಲೆ ಕಣ್ಣಿಗೆ ಕಾಣುವಷ್ಟು ದೂರ ಇದ್ದರೆ ಸಾಕು. ತಪ್ಪು ಉತ್ತರ ಹೇಳಲಿ ಬಿಡಿ. ಮಗುವಿಗೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ನಮಗೆ ಗೊತ್ತಾಗುವುದು ತಪ್ಪು ಉತ್ತರದಿಂದಲೇ.

ಅ ಆ ಇ ಈ ಬಿಟ್ಟು ರ ಗ ಸ ದ ಅಂತ ಯಾಕೆ ಕಲಿಸ್ತಾರೆ? ನಾನು ಮನೇಲಿ ಅ ಆ ಇ ಈ ಹೇಳಿಕೊಡಲಾ?

ಮನೆಯಲ್ಲಿ ಪಾಠ ಶುರುವಾದ ವರ್ಷ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಒಬ್ಬರು ಅಜ್ಜಿ ಬೇಜಾರು ಮಾಡಿಕೊಂಡೇ ಬಂದಿದ್ದರು, "ಅಕ್ಕೋರೆ, ಅಕ್ಷರಮಾಲೆ ಮೊದಲು ಬ್ಯಾಡ್ವಾ?" ಅಂತ.

ನಲಿ-ಕಲಿಯಲ್ಲಿ ಅಕ್ಷರಗಳನ್ನು ಬರೆಯಲು ಸುಲಭ ಇರುವ ಗುಂಪುಗಳಾಗಿ ಕಲಿಸ್ತೀವಿ. ಮೊದಲ ಗುಂಪು ರ, ಗ, ಸ, ದ, ಅ. ರ ಬರೆಯಲು ಬಂದರೆ ಗ ಹತ್ತಿರವೇ ಇದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಐದೇ ಅಕ್ಷರ ಬಂದ ದಿನವೇ ಮಗು ಸರ, ದರ, ರಸ, ಅರಸ, ಅಗಸ, ಗರಗಸ ಎಲ್ಲ ಓದುತ್ತದೆ. ಐದು ಅಕ್ಷರಕ್ಕೆ ಆರು ಪದ! ಅ ಆ ಇ ಈ ಉ ಐದೂ ಬಂದರೂ ಓದಲು ಏನಿದೆ ಹೇಳಿ? ಮುಂದಿನ ಗುಂಪು ಜ, ವ, ಮ, ಬ, ನ. ಆಗ ಮರ, ವನ, ಜನ, ಬಸವನೂ ಬರ್ತಾನೆ.

ಮನೆಯಲ್ಲಿ ಅಕ್ಷರಮಾಲೆಯನ್ನು ಹಾಡಿನ ಥರ ಬಾಯಲ್ಲಿ ಹೇಳಿಸಿ, ಏನೂ ತೊಂದರೆ ಇಲ್ಲ. ಬರೆಸುವುದನ್ನು ಮಾತ್ರ ಶಾಲೆಯ ಕ್ರಮದಲ್ಲಿ ಬರೆಸಿ. ಎರಡು ಕಡೆ ಎರಡು ದಾರಿ ಆದರೆ ಮಗು ನಡುವೆ ನಿಂತುಬಿಡುತ್ತದೆ.

ಬರಿ ಅಂದ್ರೆ ಅಳ್ತಾನೆ. ಪುಟಗಟ್ಟಲೆ ಕಾಪಿ ಕೊಟ್ಟಿದ್ದಾರೆ

ಹತ್ತು ಪುಟ ಕಾಪಿ ಬರೆದ ಮಗುವಿಗೆ ಹತ್ತನೇ ಪುಟದಲ್ಲಿ ಅಕ್ಷರ ಮೊದಲ ಪುಟಕ್ಕಿಂತ ಕೆಟ್ಟದಾಗಿರುತ್ತದೆ. ನೋಡಿ ಬೇಕಾದರೆ. ನಾನಾದರೆ ಐದು ಸಾಲು ಸಾಕು ಅಂತೀನಿ. ಐದರಲ್ಲಿ ಚೆಂದ ಬಂದ ಒಂದಕ್ಕೆ ಮಗುವೇ ಸುತ್ತು ಹಾಕಲಿ.

ಒತ್ತಕ್ಷರದಲ್ಲಿ ಅಳು ಜಾಸ್ತಿ. "ಅಕ್ಕ" ಬರೆಯುವಾಗ ಕ ಬರೆದು ಕೆಳಗೆ ಒತ್ತು ಯಾಕೆ ಅಂತ ಮಗುವಿಗೆ ಗೊತ್ತಾಗುವುದಿಲ್ಲ, ನೋಡಿ ಬರಿ ಅಂತೀವಿ, ಬರೆಯುತ್ತೆ, ಮರೆಯುತ್ತೆ. ನಾನು ಚಪ್ಪಾಳೆ ಹೊಡೆಸ್ತೀನಿ. "ಅಕ" ಅಂದರೆ ಹಗುರ, ಎರಡೇ ಚಪ್ಪಾಳೆ. "ಅಕ್-ಕ" ಅಂದರೆ ನಡುವೆ ಉಸಿರು ತಡೆಯುತ್ತೆ, ಅಲ್ಲಿ ತೊಡೆ ಮೇಲೊಂದು ಏಟು. ಆ ತಡೆ ಇರುವಲ್ಲೇ ಒತ್ತು. ಅಕ್ಕ, ಅಜ್ಜ, ಅಪ್ಪ, ಅಮ್ಮ, ಅತ್ತೆ, ಅಣ್ಣ, ನೋಡಿ, ಮನೆ ಮಂದಿಯೆಲ್ಲ ಒತ್ತಕ್ಷರವೇ! ಅವರ ಹೆಸರಿನ ಚೀಟಿ ಬರೆದು ಊಟಕ್ಕೆ ಕೂರುವ ಜಾಗದಲ್ಲಿ ಇಡಿಸಿ. ಅಳುವ ಹುಡುಗ ಆರು ಚೀಟಿ ಬರೆದಿರುತ್ತಾನೆ.

ಲೆಕ್ಕ ನಾವು ಕಲಿತ ಹಾಗೆ ಇಲ್ಲ. ತಪ್ಪು ಹೇಳಿಕೊಟ್ಟರೆ ಅನ್ನೋ ಭಯ

52ರಲ್ಲಿ 27 ಕಳೆ. ನಾವೆಲ್ಲ ಕಲಿತದ್ದು ಹೇಗೆ? "ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ." ನಮ್ಮ ಶಾಲೆಯ ಒಬ್ಬಳು ಕೇಳಿದಳು, "ಪಕ್ಕದ ಮನೆಯವರು ಕೊಡಲ್ಲ ಅಂದ್ರೆ?" ಇನ್ನೊಬ್ಬ, "ವಾಪಸ್ ಯಾವಾಗ ಕೊಡಬೇಕು?" ಸರಿಯಾದ ಪ್ರಶ್ನೆಗಳೇ ಅಲ್ವಾ!

ಹಿಡಿಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ. 52 ಅಂದರೆ ಐದು ಕಟ್ಟು, ಎರಡು ಬಿಡಿ. ಏಳು ಬಿಡಿ ಕಡ್ಡಿ ಕೊಡು ಅಂದರೆ ಮಗುವಿನ ಹತ್ತಿರ ಎರಡೇ ಇದೆ. ಏನು ಮಾಡುತ್ತೆ? ಸ್ವಲ್ಪ ಹೊತ್ತು ನಿಮ್ಮ ಮುಖ ನೋಡುತ್ತೆ. ಸುಮ್ಮನಿರಿ. ಆಮೇಲೆ ತಾನೇ ಒಂದು ರಬ್ಬರ್ ಬ್ಯಾಂಡ್ ಬಿಚ್ಚುತ್ತೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು ಉಳಿಯಿತು, ಎರಡು ಕಟ್ಟು ಕೊಟ್ಟರೆ ಎರಡು ಉಳಿಯಿತು, 25. ಸಾಲ ಇಲ್ಲ, ಪಕ್ಕದ ಮನೆ ಇಲ್ಲ. ಆ ರಬ್ಬರ್ ಬ್ಯಾಂಡ್ ಬಿಚ್ಚುವ ಕ್ಷಣಕ್ಕೆ ಕಾಯುವ ತಾಳ್ಮೆ ಇದ್ದರೆ ನೀವು ಒಳ್ಳೇ ಟೀಚರ್.

ಉಳಿದಂತೆ ಮನೆ ತುಂಬಾ ಲೆಕ್ಕವೇ. ಡೈರಿಗೆ ಹಾಕಿದ ಹಾಲಿನ ಪುಸ್ತಕ ಕೂಡಲು ಕೊಡಿ. ಸುಲಿದ ಅಡಿಕೆ ಎಣಿಸಲಿ. ಅಕ್ಕಿ ಅಳೆಯಲಿ. ಮಗ್ಗಿಯನ್ನು ರಾತ್ರಿ ಕರೆಂಟ್ ಹೋದಾಗ ಹೇಳಿಸಿ, ಆ ಹೊತ್ತಿಗೆ ಬೇರೆ ಕೆಲಸವೂ ಇರುವುದಿಲ್ಲ.

ಹೋಮ್‌ವರ್ಕ್ ನಾನೇ ಬರೆದು ಫೋಟೋ ಕಳಿಸಿದ್ದೆ, ಟೀಚರಿಗೆ ಗೊತ್ತಾಗಿರುತ್ತಾ?

ಗೊತ್ತಾಗಿದೆ. ಏಳು ವರ್ಷದ ಮಗು ಮಾರ್ಜಿನ್ ಬಿಟ್ಟು ದಿನಾಂಕಕ್ಕೆ ಅಡಿಗೆರೆ ಎಳೆಯುವುದಿಲ್ಲ. ಮುಂದಿನ ಸಲ ಅರ್ಧ ಆಗಿದ್ದರೆ ಅರ್ಧದ್ದೇ ಫೋಟೋ ಕಳಿಸಿ, ನಾವು ಬಯ್ಯುವುದಿಲ್ಲ.

## ಫೋನು, ನೆಟ್ಟು, ಕಣ್ಣು

ಇಬ್ಬರು ಮಕ್ಕಳು, ಒಂದೇ ಫೋನು, ಅದನ್ನೂ ಅವರಪ್ಪ ಕೆಲಸಕ್ಕೆ ಒಯ್ತಾರೆ

ಹೆಚ್ಚಿನ ಮನೆಗಳ ಕತೆ ಇದೇ. ನೇರ ಪಾಠಕ್ಕೆ ಹಾಜರಾಗಲೇಬೇಕು ಅಂತ ಹಟ ಮಾಡಬೇಡಿ. ಟೀಚರ್ ಹತ್ತಿರ ಕೇಳಿ, ಪಾಠವನ್ನು ಎರಡು ಮೂರು ನಿಮಿಷದ ಧ್ವನಿ ಮೆಸೇಜು ಮಾಡಿ ಕಳಿಸಬಹುದಾ ಅಂತ. ಅವರಪ್ಪ ಸಂಜೆ ಬಂದ ಮೇಲೆ ಕೇಳಿಸಿಕೊಂಡು, ಮಾರನೇ ದಿನ ಬೆಳಿಗ್ಗೆ ಮಾಡಿದರೆ ಆಯಿತು. 2020ರಲ್ಲಿ ನಾನು ಹೀಗೇ ಮಾಡಿದೆ. ರಾತ್ರಿ ಒಂಬತ್ತಕ್ಕೆ ನೀಲಿ ಗುರುತುಗಳು ಒಂದೊಂದಾಗಿ ಬೀಳುತ್ತಿದ್ದವು, ಯಾರ ಮನೆಗೆ ಅಪ್ಪ ಬಂದರು ಅಂತ ಅದರಲ್ಲೇ ಗೊತ್ತಾಗುತ್ತಿತ್ತು.

ಒಂದೇ ಹೊತ್ತಿಗೆ ಇಬ್ಬರಿಗೂ ಪಾಠ ಬಿದ್ದರೆ ಫೋನು ದೊಡ್ಡ ಮಗುವಿಗೆ ಕೊಡಿ. ಚಿಕ್ಕದಕ್ಕೆ ನೀವೇ ಸಾಕು. ಅಣ್ಣನಿಗೆ ಮಾತ್ರ, ತಂಗಿಗೆ ಇಲ್ಲ ಅನ್ನುವ ಲೆಕ್ಕ ಬೇಡ. ಅದನ್ನೂ ನೋಡಿದ್ದೇನೆ, ಅದಕ್ಕೇ ಹೇಳ್ತಿದ್ದೇನೆ.

ನೆಟ್‌ವರ್ಕ್ ಸಿಗೋದೇ ಗುಡ್ಡದ ಮೇಲೆ. ಏನ್ ಮಾಡೋದು?

ಮಲೆನಾಡು, ಕರಾವಳಿಯ ಎಲ್ಲರಿಗೂ ಇದು ಗೊತ್ತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಒಂದು ಫೋಟೋ ಎಲ್ಲ ಕಡೆ ಓಡಾಡಿತ್ತು. ಮಗಳು ರಸ್ತೆ ಬದಿ ಕೂತು ಎಸ್ಎಸ್ಎಲ್‌ಸಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಎಲ್ಲರೂ ಹೊಗಳಿದರು. ನನಗೆ ಅದು ನೋಡಿ ಸಿಟ್ಟೇ ಬಂದಿತ್ತು, ಒಂದು ಟವರ್ ಹಾಕದೆ ಅಪ್ಪನ ಕೈಗೆ ಕೊಡೆ ಕೊಟ್ಟೆವಲ್ಲ ಅಂತ.

ಎಸ್ಎಸ್ಎಲ್‌ಸಿಗೆ ಪರೀಕ್ಷೆ ಇರುತ್ತದೆ, ಸರಿ. ಪ್ರೈಮರಿ ಮಗುವನ್ನು ದಯವಿಟ್ಟು ಗುಡ್ಡ ಹತ್ತಿಸಬೇಡಿ. ಗುಡುಗು ಇರುವಾಗ ಮರದ ಕೆಳಗೆ ನಿಲ್ಲುವುದು ಅಪಾಯ. ಪೇಟೆಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ವಾರದ ಪಾಠ ಡೌನ್‌ಲೋಡ್ ಮಾಡಿ ತನ್ನಿ. ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇದೆ, ದೀಕ್ಷಾ ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ ಸಿಗುತ್ತದೆ, ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನೋಡಬಹುದು. ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕತೆಪುಸ್ತಕಗಳು ಪುಕ್ಕಟೆ ಇವೆ, ಚಿತ್ರದ ಸಮೇತ.

ಸಿಗ್ನಲ್ ಒಂದೆರಡು ಕಡ್ಡಿ ಇದ್ದರೆ ವಿಡಿಯೋ ಆಫ್ ಮಾಡಿ ಬರೀ ದನಿ ಇಟ್ಟುಕೊಳ್ಳಿ. ವಿಡಿಯೋ ಪಾಠ ಗಂಟೆಗೆ ಅರ್ಧದಿಂದ ಒಂದು ಜಿಬಿವರೆಗೆ ತಿನ್ನುತ್ತದೆ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರಿಗೆ ಮಧ್ಯಾಹ್ನಕ್ಕೇ ಖಾಲಿ.

ಸ್ಮಾರ್ಟ್ ಫೋನೇ ಇಲ್ಲ. ನಮ್ಮ ಮಗು ಹಿಂದೆ ಬೀಳುತ್ತಾ?

2020ರ ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಯ ನಾವು ವಿದ್ಯಾಗಮ ಅಂತ ಶುರು ಮಾಡಿದೆವು. ಸ್ಮಾರ್ಟ್ ಫೋನು ಇರುವವರು, ಸಾದಾ ಫೋನಿನವರು, ಏನೂ ಇಲ್ಲದವರು ಅಂತ ಮಕ್ಕಳನ್ನು ಪಟ್ಟಿ ಮಾಡಿ, ನಾವೇ ಅವರಿರುವ ಕಡೆ ಹೋಗುವುದು. ದೇವಸ್ಥಾನದ ಜಗಲಿ, ಮರದ ಕಟ್ಟೆ, ಯಾರದೋ ಮನೆಯ ಅಂಗಳ. ವಠಾರ ಶಾಲೆ ಅಂತಲೂ ಕರೆದರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ನಿಲ್ಲಿಸಬೇಕಾಯಿತು. ಆ ಎರಡು ತಿಂಗಳಲ್ಲಿ ಮಕ್ಕಳು ಕಲಿತದ್ದು ಫೋನಿನ ಪಾಠಕ್ಕಿಂತ ಎಷ್ಟೋ ಜಾಸ್ತಿ. ಚಂದನದಲ್ಲಿ ಸಂವೇದ ಪಾಠ ಬರುತ್ತಿತ್ತು, ರೇಡಿಯೋದಲ್ಲಿ ಕೇಳಿ-ಕಲಿ. ಅವೂ ಚೆನ್ನಾಗಿದ್ದವು, ಆದರೆ ಟಿವಿ ವಾಪಸ್ ಪ್ರಶ್ನೆ ಕೇಳುವುದಿಲ್ಲವಲ್ಲ.

ಹಾಗಾಗಿ ಫೋನು ಇಲ್ಲ ಅಂತ ಚಿಂತೆ ಬೇಡ. ಪಠ್ಯಪುಸ್ತಕ, ಎರಡು ನೋಟ್‌ಬುಕ್, ಮಾತಾಡಿಸುವ ಒಬ್ಬರು, ಇವಿಷ್ಟಿದ್ದರೆ ಆಯಿತು. ವಾರಕ್ಕೊಮ್ಮೆ ಟೀಚರ್ ಹತ್ತಿರ ಹಾಳೆ ತಂದು, ಮಾಡಿದ್ದನ್ನು ಕೊಟ್ಟು ಬನ್ನಿ.

ಪಾಠ ಕೇಳ್ತಿದ್ದಾನೆ ಅಂದ್ಕೊಂಡ್ರೆ ಗೇಮ್ ಆಡ್ತಿರ್ತಾನೆ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಪ್ ಪಿನ್ನಿಂಗ್ ಅಂತ ಇರುತ್ತದೆ. ಆನ್ ಮಾಡಿ, ಪಾಠದ ಆಪ್ ಪಿನ್ ಮಾಡಿ, ಹೊರಬರಲು ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಪಾಠ ಮುಗಿದ ಕೂಡಲೇ ಫೋನು ಮಗುವಿನ ಕೈಯಿಂದ ಕಪಾಟಿನ ಮೇಲಕ್ಕೆ. "ಇನ್ನೈದು ನಿಮಿಷ" ಅನ್ನುವುದಕ್ಕೆ ಒಂದು ಸಲ ಹೂಂ ಅಂದರೆ ದಿನಾ ಅನ್ನಬೇಕು. ನಾನೂ ಅಂದು ಸೋತವಳೇ.

ಕಣ್ಣು ಉರಿ, ತಲೆನೋವು ಅಂತಾಳೆ. ಪಾಠ ತಪ್ಪಿಸೋಕೆ ನೆಪವಾ?

ನೆಪ ಅಂತ ಮೊದಲೇ ತಳ್ಳಿಹಾಕಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡ್ ನೋಡಿಸಿ. ನಮ್ಮನೆಯಲ್ಲಿ ಅಂಗಳದಾಚೆಯ ಹಲಸಿನ ಮರದಲ್ಲಿ ಕಾಯಿ ಎಣಿಸುವುದು. ಫೋನನ್ನು ಕೈಯಲ್ಲಿ ಹಿಡಿಯದೆ ಡಬ್ಬಕ್ಕೆ ಒರಗಿಸಿ, ಒಂದು ಮೊಳ ದೂರ ಇರಲಿ. ಕತ್ತಲೆ ಕೋಣೆಯಲ್ಲಿ ಬೇಡ. ಬಿಸಿಲು ಬಂದ ದಿನ ಹೊರಗೆ ಆಡಲು ಬಿಡಿ, ಬಯಲ ಬೆಳಕಿನಲ್ಲಿ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ದೂರದ್ದು ಮಂಜಾಗುವ ತೊಂದರೆ ಕಡಿಮೆ. ಬೋರ್ಡ್ ಕಾಣಲ್ಲ ಅಂದರೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ಕಣ್ಣಿನ ಡಾಕ್ಟರಿಗೆ ತೋರಿಸಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ. ಮನೇಲಿರೋದು ಅಜ್ಜಿ, ಅವರಿಗೆ ಓದು ಬರಲ್ಲ

ಓದು ಬರದ ಅಜ್ಜಿ ಬಹಳ ಒಳ್ಳೇ ಟೀಚರ್. ನಿಜವಾಗಿ ಹೇಳ್ತಿದ್ದೇನೆ. ಮಗುವಿಗೆ ಹೇಳಿ, "ಅಜ್ಜಿಗೆ ಓದಕ್ಕೆ ಬರಲ್ಲ, ನೀನು ಓದಿ ಹೇಳು." ಓದಿದ್ದು ಅರ್ಥ ಆಗದಿದ್ದರೆ ಅಜ್ಜಿ "ಹಾಗಂದ್ರೆ ಏನು ಮಗಾ?" ಅಂತ ಕೇಳ್ತಾರೆ, ನಟನೆ ಮಾಡದೆ ನಿಜವಾಗಿ ಕೇಳ್ತಾರೆ. ನಾವು ಬಿಎಡ್, ಡಿಎಡ್ ಮಾಡಿದವರಿಗೆ ಆ ಪ್ರಶ್ನೆ ಅಷ್ಟು ಚೆನ್ನಾಗಿ ಕೇಳಲು ಬರುವುದಿಲ್ಲ, ಮಕ್ಕಳಿಗೆ ಗೊತ್ತಾಗಿಬಿಡುತ್ತೆ. ವಾಪಸ್ ಅಜ್ಜಿ ಒಂದು ಕತೆ ಹೇಳಲಿ, ಒಗಟು ಹೇಳಲಿ. ನಮ್ಮ ಶಾಲೆಯ ಒಬ್ಬ ಹುಡುಗ ಅಜ್ಜಿಗೆ ಸಹಿ ಮಾಡಲು ಕಲಿಸಿದ. ಪೋಷಕರ ಸಹಿ ಅನ್ನುವ ಜಾಗದಲ್ಲಿ ಮೂರು ವಾರ ಹೆಬ್ಬೆಟ್ಟು ಇತ್ತು, ನಾಲ್ಕನೇ ವಾರ ಸೊಟ್ಟ ಅಕ್ಷರದಲ್ಲಿ ಹೆಸರು.

ನೀವು ಸಂಜೆ ಬಂದು ಹತ್ತು ನಿಮಿಷ ಪುಸ್ತಕ ತಿರುಗಿಸಿ ನೋಡಿದರೆ ಸಾಕು. ಸುಸ್ತಲ್ಲಿ ಕೂತು ಬೈದು ಬರೆಸಬೇಡಿ. ಇನ್ನೊಂದು, ಇದೆಲ್ಲ ಅಮ್ಮನ ಕೆಲಸ ಅಂತ ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ನನಗೆ ಬರುವ ಫೋನುಗಳಲ್ಲಿ ಅಪ್ಪಂದಿರ ಪ್ರಶ್ನೆ ನೆಟ್ ಪ್ಯಾಕ್ ಬಗ್ಗೆ ಮಾತ್ರ.

ಇಂಗ್ಲಿಷ್ ಮೀಡಿಯಂ ಮಗು. ನನಗೆ ಇಂಗ್ಲಿಷ್ ಬರಲ್ಲ, ಹೇಗೆ ಕಲಿಸೋದು?

ಕನ್ನಡದಲ್ಲೇ ಮಾತಾಡಿ. ಗಿಡಕ್ಕೆ ಬೇರು ಯಾಕೆ ಬೇಕು ಅಂತ ಕನ್ನಡದಲ್ಲಿ ಅರ್ಥ ಆದರೆ ಇಂಗ್ಲಿಷ್ ಹೆಸರು ನಾಳೆ ಬರುತ್ತದೆ. ಬಾಳೆ ಕಂದು ಕಿತ್ತು ತೋರಿಸಿ. ಬೇರಿನ ಹೆಸರು ಇಂಗ್ಲಿಷಿನಲ್ಲಿ ಉರು ಹೊಡೆದು, ಬೇರು ನೋಡದ ಮಕ್ಕಳನ್ನು ನಾನು ತುಂಬ ಕಂಡಿದ್ದೇನೆ.

ಎರಡು ವರ್ಷ ಮನೇಲೇ ಇದ್ದವನು. ಈಗಲೂ ಓದೋದು ತಡವರಿಸ್ತಾನೆ, ಇನ್ನು ಸರಿಹೋಗುತ್ತಾ?

2020ರ ಮಾರ್ಚ್‌ನಲ್ಲಿ ಮುಚ್ಚಿದ ಬಾಗಿಲು ಒಂದರಿಂದ ಐದನೇ ಕ್ಲಾಸಿನವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ದಿನ ನನ್ನ ಕ್ಲಾಸಿಗೆ ಬಂದ ಎರಡನೆಯವರು ಶಾಲೆಯನ್ನೇ ನೋಡಿರಲಿಲ್ಲ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದಿದ್ದರು. 2022-23ರಲ್ಲಿ ಕಲಿಕಾ ಚೇತರಿಕೆ ಅಂತ ವರ್ಷವಿಡೀ ಹಿಂದಿನದ್ದನ್ನೇ ಮತ್ತೆ ಮಾಡಿಸಿದೆವು. ಹೆಚ್ಚಿನವರು ದಡ ಸೇರಿದರು, ಕೆಲವರು ಇನ್ನೂ ಇಲ್ಲ.

ಈಗಿನ ಕ್ಲಾಸಿನ ಪುಸ್ತಕ ಪಕ್ಕಕ್ಕಿಡಿ. ಎರಡನೇ ಕ್ಲಾಸಿನ ಕನ್ನಡ ಪುಸ್ತಕ ಕೊಟ್ಟು ಓದಿಸಿ. ಸಲೀಸಾದರೆ ಮೂರನೆಯದು. ಎಲ್ಲಿ ನಿಂತಿತೋ ಅಲ್ಲಿಂದ ದಿನಾ ಹದಿನೈದು ನಿಮಿಷ. ತಮ್ಮ ತಂಗಿಗೆ ಕತೆ ಓದಿ ಹೇಳುವ ಕೆಲಸ ಕೊಟ್ಟರೆ ಚಿಕ್ಕವರ ಪುಸ್ತಕ ಹಿಡಿಯಲು ನಾಚಿಕೆ ಇರುವುದಿಲ್ಲ. ಮೂರು ನಾಲ್ಕು ತಿಂಗಳಾದರೂ ಅಕ್ಷರ ಅದಲು ಬದಲಾಗುವುದು ನಿಲ್ಲದಿದ್ದರೆ ಟೀಚರ್ ಹತ್ತಿರ ಮಾತಾಡಿ, ಮಕ್ಕಳ ಡಾಕ್ಟರಿಗೂ ಒಮ್ಮೆ ತೋರಿಸಿ.

ಇಷ್ಟು ಚೆನ್ನಾಗಿ ಮನೇಲೇ ಆಗುತ್ತೆ ಅಂದ್ರೆ ಶಾಲೆ ಯಾಕೆ ಮೇಡಂ?

ಜಗಳ ಆಡೋಕೆ! ಪೆನ್ಸಿಲ್ ಕಿತ್ತುಕೊಂಡವನ ಜೊತೆಗೇ ಮಧ್ಯಾಹ್ನ ಬಿಸಿಯೂಟಕ್ಕೆ ಕೂರಬೇಕಲ್ಲ, ಅದನ್ನು ಮನೆಯಲ್ಲಿ ಯಾರು ಕಲಿಸ್ತಾರೆ?

ರಜೆಯಲ್ಲಿ ಮನೇಲಿ ಎಲ್ಲ ಮಾಡಿಸಿದ್ವಿ. ಆದ್ರೂ ಭಾನುವಾರ ಶಾಲೆ ಯಾಕೆ ಇಟ್ಟಿದ್ದೀರಿ?

ನಮಗೂ ಇಷ್ಟ ಇಲ್ಲ ಸ್ವಾಮಿ. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಮಳೆ ರಜೆಯನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ತುಂಬಿಸಿಕೊಡುವುದು ಅದಕ್ಕೇ. ಆ ದಿನ ಬರುವಾಗ ಮನೆಯಲ್ಲಿ ಮಾಡಿದ ಹವಾಮಾನ ನಕ್ಷೆ, ಚೀಟಿ, ಕಡ್ಡಿ ಕಟ್ಟು ಎಲ್ಲ ಚೀಲದಲ್ಲಿ ಹಾಕಿ ಕಳಿಸಿ, ನೋಟ್‌ಬುಕ್ ಮರೆತರೂ ಪರವಾಗಿಲ್ಲ. ಮತ್ತೆ ಒಂದು ಜೊತೆ ಒಣ ಬಟ್ಟೆ, ಪ್ಲಾಸ್ಟಿಕ್ ಕವರಿನಲ್ಲಿ.